ಕಾರ್ಖಾನೆ ಹೋದ ಮೇಲೆ ಉಳಿಯುವ ನೆಲ



ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಜನ ಒಂದು ಉದ್ಯಮ ಊರಿಗೆ ಬರುವಾಗ ಪ್ರಶ್ನೆ ಕೇಳುವುದನ್ನು ಚೆನ್ನಾಗಿ ಕಲಿತಿದ್ದಾರೆ. ಮೂಡುಬಿದಿರೆ ಸಮೀಪದ ನಿಡ್ಡೋಡಿಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ, 2013ರಲ್ಲಿ, ಊರಿಗೆ ಊರೇ ಎದ್ದು ನಿಂತಿತು. ಹಾರುಬೂದಿ ಎಲ್ಲಿಗೆ ಹೋಗುತ್ತದೆ, ನೀರು ಎಲ್ಲಿಂದ ಬರುತ್ತದೆ, ತೋಟ ಏನಾಗುತ್ತದೆ ಎಂದು ಹೆಂಗಸರು, ಗಂಡಸರು, ಮಕ್ಕಳು ಕೇಳಿದರು. ಸ್ಥಾವರ ಬರಲಿಲ್ಲ.

ಆದರೆ ಒಂದು ಉದ್ಯಮ ಬಾಗಿಲು ಹಾಕಿ ಹೊರಟಾಗ ನಾವು ಏನನ್ನೂ ಕೇಳುವುದಿಲ್ಲ. ಯಂತ್ರಗಳನ್ನು ಗುಜರಿಯವರು ಒಯ್ಯುತ್ತಾರೆ. ಹಂಚು, ಮರಮಟ್ಟು ಹರಾಜಾಗುತ್ತವೆ. ಬಾಕಿ ಸಂಬಳದ ಮಾತು ಕೆಲವು ವರ್ಷ ನಡೆಯುತ್ತದೆ. ಆಮೇಲೆ ಜಾಗ ಕೈ ಬದಲಾಗಿ, ಭೂಪರಿವರ್ತನೆಯಾಗಿ, ಐದು ಸೆಂಟ್ಸು, ಹತ್ತು ಸೆಂಟ್ಸಿನ ನಿವೇಶನಗಳಾಗಿ ಹಂಚಿಹೋಗುತ್ತದೆ. ಅಲ್ಲಿ ಬಾವಿ ತೋಡುವವನಿಗೆ, ತರಕಾರಿ ಬೆಳೆಯುವವಳಿಗೆ ಆ ನೆಲದಲ್ಲಿ ಹಿಂದೆ ಏನಿತ್ತು, ಏನನ್ನು ಚೆಲ್ಲಿದ್ದರು, ಏನನ್ನು ಹೂತಿದ್ದರು ಎಂದು ಹೇಳುವವರು ಯಾರೂ ಇರುವುದಿಲ್ಲ.

ಹೊರಡುವ ಉದ್ಯಮವನ್ನೂ ಪ್ರಶ್ನೆ ಕೇಳಬೇಕು, ಆ ಪ್ರಶ್ನೆಗೆ ಸಿಕ್ಕ ಉತ್ತರವನ್ನು ನೆಲದ ದಾಖಲೆಯಲ್ಲೇ ಬರೆದಿಡಬೇಕು ಎಂಬುದೇ ನನ್ನ ಇಂದಿನ ಉಪನ್ಯಾಸದ ತಿರುಳು.

ಗುಡ್ಡೆಯ ಮೇಲೆ ಚೆಲ್ಲಿದ್ದು ಬೈಲಿಗೆ ಬರುತ್ತದೆ

ಮೊದಲು ನಮ್ಮ ನೆಲದ ಸ್ವಭಾವ ನೋಡೋಣ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಬಹುಭಾಗ ಮುರಕಲ್ಲಿನ, ಎಂದರೆ ಕೆಂಪುಕಲ್ಲಿನ, ಪದವು ಮತ್ತು ಗುಡ್ಡೆ. ಗುಡ್ಡೆಯ ಬುಡದಲ್ಲಿ ತೋಟ, ಅದರ ಕೆಳಗೆ ಗದ್ದೆಯ ಬೈಲು, ಬೈಲಿನ ನಡುವೆ ತೋಡು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲಿನ ಮೈತುಂಬ ರಂಧ್ರಗಳಿರುವುದರಿಂದ ಮಳೆನೀರು ಅದರೊಳಗೆ ಬೇಗನೆ ಇಳಿಯುತ್ತದೆ. ಕೆಳಗೆ ಶೇಡಿಮಣ್ಣಿನ ಪದರ ಸಿಕ್ಕಾಗ ನೀರಿಗೆ ಇನ್ನೂ ಆಳಕ್ಕೆ ಇಳಿಯುವುದು ಕಷ್ಟವಾಗಿ, ಅದು ಪಕ್ಕಕ್ಕೆ ಸರಿಯುತ್ತದೆ, ಗುಡ್ಡೆಯ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ.

ಈ ಗುಣವನ್ನು ಅರಿತೇ ನಮ್ಮ ಹಿರಿಯರು ನೀರಿಗಾಗಿ ಗುಡ್ಡೆಯೊಳಕ್ಕೆ ಸುರಂಗ ಕೊರೆದರು. ಬಂಟ್ವಾಳ ತಾಲೂಕಿನ ಮಾಣಿಲದಲ್ಲಿ, ಕೇರಳ ಗಡಿಯಾಚೆಯ ಪಡ್ರೆಯಲ್ಲಿ ಬಹಳಷ್ಟು ಮನೆಗಳಿಗೆ ಸುರಂಗದ ನೀರಿದೆ. ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಎಬ್ಬಿಸಿದ್ದನ್ನು ದೇಶವೇ ಗುರುತಿಸಿ 2022ರಲ್ಲಿ ಪದ್ಮಶ್ರೀ ಕೊಟ್ಟಿತು. ಯಾರಿಗೂ ಬೇಡವಾದ ನೆಲವನ್ನು ಮತ್ತೆ ಬದುಕಿಸಬಹುದು ಎನ್ನುವುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ನಮ್ಮ ನಡುವೆ ಇಲ್ಲ.

ಆದರೆ ಸುರಂಗಕ್ಕೆ ನೀರು ತರುವ ದಾರಿಯೇ ವಿಷಕ್ಕೂ ದಾರಿಯಾಗಬಲ್ಲದು. ಗುಡ್ಡೆಯ ಮೇಲಿನ ಒಂದು ಹಳೆಯ ಗೋದಾಮಿನ ಹಿಂದೆ ಚೆಲ್ಲಿದ ರಾಸಾಯನಿಕ ಆ ಸರ್ವೆ ನಂಬರಿನ ಗಡಿಕಲ್ಲಿನೊಳಗೆ ನಿಲ್ಲುವುದಿಲ್ಲ. ಕೆಂಪುಕಲ್ಲಿನ ಕೋರೆಗಳ ಬಗ್ಗೆ ನಾವು ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ಕಲ್ಲು ಕಡಿದು ತೆಗೆದ ಜಾಗದಲ್ಲಿ ನೀರನ್ನು ಸೋಸುವ ಪದರವೇ ಹೋಗಿರುತ್ತದೆ. ಅಂಥ ಹೊಂಡಕ್ಕೆ ಕಸ, ಕಾರ್ಖಾನೆಯ ಕೊಳಕು, ಗ್ಯಾರೇಜಿನ ಹಳೆ ಆಯಿಲ್ ತಂದು ಸುರಿದರೆ ಅದು ನೇರವಾಗಿ ಅಂತರ್ಜಲಕ್ಕೆ ಸುರಿದ ಹಾಗೆಯೇ. ಈ ನೀರಿನ ಬಹುಪಾಲು ಕೊನೆಗೆ ಸೇರುವುದು ನೇತ್ರಾವತಿಗೆ, ಫಲ್ಗುಣಿಗೆ. ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟಿನಿಂದಲೇ ಮಂಗಳೂರು ನಗರ ಕುಡಿಯುವ ನೀರು ಪಡೆಯುತ್ತದೆ. ಹಳ್ಳಿಯ ನೆಲ ಕೆಟ್ಟರೆ ಪೇಟೆಯ ನಳ್ಳಿಯೂ ಕೆಡುತ್ತದೆ.

ಗೇರುತೋಪು ಕಲಿಸಿದ ಪಾಠ

ಕಲುಷಿತ ನೆಲ ಎಂದರೆ ಹೊಗೆಗೂಡಿನ ದೊಡ್ಡ ಕಾರ್ಖಾನೆಯೇ ಇರಬೇಕು ಎಂದು ಅನೇಕರ ಎಣಿಕೆ. ನಮ್ಮ ಸೀಮೆಯ ಅತ್ಯಂತ ದೊಡ್ಡ ದುರಂತ ನಡೆದದ್ದು ಹೊಗೆಗೂಡಿಲ್ಲದ ಕಡೆ, ಹಸಿರು ತೋಪುಗಳಲ್ಲಿ.

ಗೇರು ಮರಕ್ಕೆ ಟೀ ಸೊಳ್ಳೆ ಎಂಬ ಕೀಟದ ಬಾಧೆ. ಚಿಗುರು, ಹೂವುಗಳ ರಸ ಹೀರಿ ಒಣಗಿಸುತ್ತದೆ. ಅದನ್ನು ತಡೆಯಲು ಕಾಸರಗೋಡಿನಲ್ಲಿ ಪ್ಲಾಂಟೇಷನ್ ಕಾರ್ಪೊರೇಷನ್ ಆಫ್ ಕೇರಳದ ತೋಪುಗಳಿಗೆ 1970ರ ದಶಕದ ಕೊನೆಯ ಭಾಗದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ನಮ್ಮ ಕಡೆ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಪುಗಳಲ್ಲೂ 1980ರ ದಶಕದಿಂದ ಹಾಗೆಯೇ ನಡೆಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಗ್ರಾಮಗಳ ಹೆಸರು ರಾಜ್ಯಕ್ಕೆಲ್ಲ ತಿಳಿದದ್ದು ಈ ಸಿಂಪಡಣೆ ತಂದ ಕಾಯಿಲೆಗಳ ನೋವಿನಿಂದ. ಬಂಟ್ವಾಳ, ಪುತ್ತೂರು, ಸುಳ್ಯ ತಾಲೂಕುಗಳಲ್ಲೂ ಸಂತ್ರಸ್ತರಿದ್ದಾರೆ.

ಗಡಿಯಾಚೆಯ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಗೇರುತೋಪು ಗುಡ್ಡೆಯ ಮೇಲೆ, ಮನೆ ಮತ್ತು ಸುರಂಗ ಕೆಳಗೆ. ಕರುಗಳು ವಿಕಾರವಾಗಿ ಹುಟ್ಟುತ್ತಿವೆ ಎಂದು ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳಲ್ಲಿ ಅಸಹಜವಾದುದನ್ನು ಕಂಡು ಪಟ್ಟಿ ಮಾಡಿದರು. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಆ ಊರಿನ ಮಾದರಿಗಳಲ್ಲಿ ಎಂಡೋಸಲ್ಫಾನ್ ಪತ್ತೆ ಮಾಡಿತು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗೆ ತಡೆ ಹಾಕಿತು. ಬರೆದ ಪತ್ರಕರ್ತ, ಎಣಿಸಿದ ವೈದ್ಯ, ಕೋರ್ಟಿಗೆ ಹೋದ ಮಹಿಳೆ, ಮಾದರಿ ಪರೀಕ್ಷಿಸಿದ ಪ್ರಯೋಗಾಲಯ: ಈ ನಾಲ್ಕೂ ಕೂಡಿದಾಗ ಮಾತ್ರ ಸರ್ಕಾರ ಅಲುಗಿತು. ಕೋರ್ಟಿಗೆ ಹೋದವರು ಕಾಸರಗೋಡಿನ ಲೀಲಾಕುಮಾರಿ ಅಮ್ಮ. ವೈಮಾನಿಕ ಸಿಂಪಡಣೆಯ ವಿರುದ್ಧ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿನಲ್ಲಿ ದಾವೆ ಹೂಡಿದ ಅವರು ಆಗ ಕೃಷಿ ಇಲಾಖೆಯ ನೌಕರರಾಗಿದ್ದರು.

ಕರ್ನಾಟಕ ಸರ್ಕಾರ ಸಂತ್ರಸ್ತರನ್ನು ಗುರುತಿಸಿ ಮಾಸಾಶನ ಕೊಡುತ್ತಿದೆ. ಕೊಕ್ಕಡದಲ್ಲಿ ಪಾಲನಾ ಕೇಂದ್ರವಿದೆ. ಇವೆಲ್ಲ ಹೋರಾಡಿ ಪಡೆದವು. ಆದರೂ ನಾವು ಮನುಷ್ಯರ ಲೆಕ್ಕ ಹಿಡಿದೆವೇ ಹೊರತು ನೆಲದ ಲೆಕ್ಕ ಹಿಡಿಯಲಿಲ್ಲ. ಸಿಂಪಡಿಸಿದ ಔಷಧಿ ತೋಪಿನ ತುಂಬ ತೆಳುವಾಗಿ ಹರಡಿತು. ಅದು ಗಟ್ಟಿಯಾಗಿ ಉಳಿಯುವ ಜಾಗಗಳು ಬೇರೆ. ಡ್ರಮ್ಮುಗಳನ್ನು ಇಟ್ಟ ಗೋದಾಮು, ಔಷಧಿ ಕಲಸಿದ ತೊಟ್ಟಿಯ ಆಸುಪಾಸು, ಹೆಲಿಕಾಪ್ಟರ್ ಇಳಿದು ತುಂಬಿಸಿಕೊಂಡ ಸಮತಟ್ಟು, ಖಾಲಿ ಡ್ರಮ್ಮು ತೊಳೆದ ಕೆರೆದಂಡೆ. ಕೀಟನಾಶಕದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಮೊದಲು ಹುಡುಕಬೇಕಾದುದು ಇಂಥ ಜಾಗಗಳನ್ನೇ.

ಕೇರಳದಲ್ಲಿ ಸಿಂಪಡಣೆ ನಿಂತು ಹನ್ನೆರಡು ವರ್ಷಗಳಾದ ಮೇಲೂ ಪೆರಿಯ, ರಾಜಪುರಂ, ಚೀಮೇನಿಯ ಗೋದಾಮುಗಳಲ್ಲಿ ಎಂಡೋಸಲ್ಫಾನ್ ಉಳಿದಿತ್ತು. ಹಳೆಯ ಡ್ರಮ್ಮುಗಳು ತುಕ್ಕು ಹಿಡಿದು ಸೋರುತ್ತಿದ್ದುದರಿಂದ 2012ರಲ್ಲಿ ಅದನ್ನು ಗಟ್ಟಿ ಪ್ಲಾಸ್ಟಿಕ್ ಬ್ಯಾರೆಲ್‌ಗಳಿಗೆ ತುಂಬಿಸಬೇಕಾಯಿತು. ಗಡಿಯ ಮಿಂಚಿನಪದವಿನ ಗೇರುತೋಪಿನಲ್ಲಿ ಉಳಿಕೆ ಔಷಧಿಯನ್ನು ಪಾಳುಬಾವಿಗೆ ಸುರಿದು ಮುಚ್ಚಿದ್ದಾರೆ ಎಂಬ ದೂರು ರಾಷ್ಟ್ರೀಯ ಹಸಿರು ಪೀಠದವರೆಗೆ ಹೋಯಿತು. ಆ ತೋಪಿಗೆ ತಾಗಿಕೊಂಡೇ ಇರುವುದು ನಮ್ಮ ಜಿಲ್ಲೆಯ ನೆಟ್ಟಣಿಗೆ ಮುಡ್ನೂರು. ಸಿಂಪಡಣೆ ನಿಂತು ಎರಡು ದಶಕ ಕಳೆದ ಮೇಲೆ ಒಂದು ಬಾವಿಯಲ್ಲಿ ಏನಿದೆ ಎಂದು ಪೀಠದ ಮುಂದೆ ವಾದಿಸಬೇಕಾಗಿ ಬಂತು. 2000ದಲ್ಲೇ ಉಳಿಕೆ ಎಷ್ಟು, ಎಲ್ಲಿಟ್ಟಿದ್ದೀರಿ ಎಂದು ಕೇಳಿ ಪಂಚಾಯತ್ ಒಂದು ಪುಟ ಬರೆದಿಟ್ಟುಕೊಂಡಿದ್ದರೆ ಈ ವಾದವೇ ಬೇಕಿರಲಿಲ್ಲ.

ಗಣಿ ಮುಚ್ಚಿದರೂ ಮುಗಿಯದ ಕೆಲಸ

ಬೆಳ್ತಂಗಡಿಯಿಂದ ಮೂಡಣಕ್ಕೆ ತಲೆಯೆತ್ತಿದರೆ ಕಾಣುವ ಬೆಟ್ಟಸಾಲಿನಲ್ಲೇ ಕುದುರೆಮುಖವಿದೆ. ಅಲ್ಲಿ ಕಬ್ಬಿಣದ ಅದಿರಿನ ಗಣಿ ನಡೆಯಿತು. ಅದಿರು ಬೇರ್ಪಡಿಸಿದ ಮೇಲೆ ಉಳಿದ ನುಣ್ಣನೆಯ ಕೆಸರನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದರು. 2002ರ ಅಕ್ಟೋಬರ್‌ನಲ್ಲಿ ಗಣಿ ನಿಲ್ಲಿಸುವಂತೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಾರ್ಮಿಕರ ಊರು ಖಾಲಿಯಾಯಿತು. ಗಣಿಯನ್ನು ಒಂದು ಆದೇಶದಿಂದ ನಿಲ್ಲಿಸಬಹುದು. ಕೆಸರು ತುಂಬಿದ ಅಣೆಕಟ್ಟನ್ನು ಆದೇಶದಿಂದ ಇಲ್ಲವಾಗಿಸಲು ಆಗುವುದಿಲ್ಲ. ಪ್ರತಿ ಮಳೆಗಾಲದಲ್ಲೂ ಅದನ್ನು ಯಾರಾದರೂ ಕಾಯಲೇಬೇಕು, ನಮ್ಮ ಮೊಮ್ಮಕ್ಕಳ ಕಾಲದಲ್ಲೂ ಕಾಯಬೇಕು.

ಕೋಲಾರದ ಚಿನ್ನದ ಗಣಿಗಳ ಕಥೆಯೂ ಇದೇ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ಶತಮಾನದಷ್ಟು ಕಾಲ ಸಯನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ 13 ದಿಬ್ಬಗಳು ಊರಿನ ನಡುವೆಯೇ ನಿಂತಿವೆ. ಅವು ಸಾವಿರ ಎಕರೆಯಷ್ಟು ನೆಲ ಆವರಿಸಿವೆ, ಸುಮಾರು 3.3 ಕೋಟಿ ಟನ್ ಎಂದು ಅಂದಾಜು. ಗಾಳಿ ಬೀಸುವ ತಿಂಗಳುಗಳಲ್ಲಿ ಆ ಧೂಳು ಮನೆಯೊಳಗೆ ಬರುತ್ತದೆ. ಆ ದಿಬ್ಬಗಳಲ್ಲಿ ಇನ್ನೂ ಚಿನ್ನದ ಅಂಶವಿದೆ ಎಂದು ಹರಾಜಿಗೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಬೆಲೆ ಇದೆ ಎಂದು ತಿಳಿದಾಗ ದಿಬ್ಬದ ಕಡೆಗೆ ಗಮನ ಬಂತು. ಗಣಿ ಮುಚ್ಚಿದ ವರ್ಷ ಹುಟ್ಟಿದ ಮಗು ಆ ಹೊತ್ತಿಗೆ ದುಡಿಯುವ ವಯಸ್ಸಿಗೆ ಬಂದಿತ್ತು.

ನಮ್ಮ ತಾಲೂಕುಗಳಲ್ಲಿರುವುದು ಇಂಥ ದೈತ್ಯ ಗಣಿಗಳಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನದಿದಂಡೆಗಳಲ್ಲಿ ಹಬ್ಬಿದ ಉದ್ಯಮ ಈಗ ಬಹುತೇಕ ಮುಚ್ಚಿದೆ. ಗೇರುಬೀಜದ ಕಾರ್ಖಾನೆಗಳು, ಕುಚ್ಚಲಕ್ಕಿ ಮಿಲ್ಲುಗಳು, ಮರದ ಮಿಲ್ಲುಗಳು, ಹಳೆ ಪೆಟ್ರೋಲ್ ಬಂಕುಗಳು, ಬ್ಯಾಟರಿ ಮತ್ತು ಗ್ಯಾರೇಜ್ ಕೆಲಸದ ಶೆಡ್ಡುಗಳು, ಕೋರೆಗಳು. ಒಂದೊಂದೂ ಸಣ್ಣದು, ಒಂದೊಂದರ ಅಪಾಯವೂ ಬೇರೆ. ಹೆಂಚಿನ ಕಾರ್ಖಾನೆಯ ಜಾಗದಲ್ಲಿ ಬೂದಿ, ಇಟ್ಟಿಗೆಚೂರು ಬಿಟ್ಟರೆ ಹೆಚ್ಚಿನ ಭಯವಿಲ್ಲದೇ ಇರಬಹುದು. ಗೇರುಬೀಜದ ಸಿಪ್ಪೆಯ ಎಣ್ಣೆ ಮೈಗೆ ತಾಗಿದರೆ ಚರ್ಮ ಸುಡುವಂಥದು. ಅದು ವರ್ಷಗಟ್ಟಲೆ ಇಂಗಿದ ಮಣ್ಣನ್ನು ನೋಡಲೇಬೇಕು. ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕು ತುಕ್ಕು ಹಿಡಿದರೆ ನೆರೆಮನೆಯ ಬಾವಿಯಲ್ಲಿ ವಾಸನೆ ಬರುತ್ತದೆ. ಹಳೆ ಬ್ಯಾಟರಿ ಒಡೆದ ಜಾಗದಲ್ಲಿ ಸೀಸ ಉಳಿಯುತ್ತದೆ, ಸೀಸ ಮಕ್ಕಳ ಬುದ್ಧಿಬೆಳವಣಿಗೆಯನ್ನು ಕುಗ್ಗಿಸುತ್ತದೆ.

ಪರೀಕ್ಷೆ ಹೇಗೆ

ನೆಲದ ತಪಾಸಣೆ ಎಂದರೆ ದುಬಾರಿ ಯಂತ್ರ ಎಂದು ಭಯಪಡಬೇಕಾಗಿಲ್ಲ. ಅದರ ಮೊದಲ ಹಂತಕ್ಕೆ ಬೇಕಾದುದು ಒಂದು ಪುಸ್ತಕ, ಒಂದು ಪೆನ್ನು, ಮತ್ತು ಕೇಳುವ ತಾಳ್ಮೆ.

ಆ ಜಾಗದಲ್ಲಿ ದುಡಿದವರು ಇನ್ನೂ ಊರಿನಲ್ಲಿದ್ದಾರೆ. ಬೀಜ ಒಡೆದ ಹೆಂಗಸರು, ಬಾಯ್ಲರಿಗೆ ಬೆಂಕಿ ಹಾಕಿದವರು, ಡ್ರಮ್ಮು ಹೊತ್ತವರು, ರಾತ್ರಿ ಕಾವಲು ಕೂತವರು, ಕೊಳಕು ಸಾಗಿಸಿದ ಟೆಂಪೋದವರು. ಯಾವ ಮೂಲೆಯಲ್ಲಿ ಹೊಂಡ ತೆಗೆದರು, ಮಳೆಗಾಲದಲ್ಲಿ ನೀರನ್ನು ಯಾವ ಕಡೆಗೆ ಬಿಟ್ಟರು, ಯಾವ ವರ್ಷ ಬೆಂಕಿ ಬಿತ್ತು ಎಂದು ಅವರಿಗೆ ಗೊತ್ತು. ಅವರು ತೀರಿಹೋದರೆ ಆ ತಿಳಿವಳಿಕೆಯೂ ಹೋಗುತ್ತದೆ. ಇಲ್ಲಿ ಕೂತಿರುವ ಸಮಾಜಶಾಸ್ತ್ರದ, ಇತಿಹಾಸದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕ್ಷೇತ್ರಕಾರ್ಯ ಸಿಗದು. ಜೊತೆಗೆ ಹಳೆಯ ಲೈಸನ್ಸು, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ಸರ್ವೆ ನಕ್ಷೆ, ಉಪಗ್ರಹದ ಹಳೆಯ ಚಿತ್ರಗಳನ್ನು ನೋಡಬೇಕು.

ಎರಡನೆಯದು ನಡೆದು ನೋಡುವುದು. ಹುಲ್ಲು ಹುಟ್ಟದ ತೇಪೆ, ಬಣ್ಣ ಬದಲಾದ ಮಣ್ಣು, ತೋಡಿನ ನೀರಿನ ಮೇಲೆ ತೇಲುವ ಎಣ್ಣೆಪೊರೆ ಇವೆಲ್ಲ ಗುರುತುಗಳು. ಆಗ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ವಿಷದ ಮೂಲ ಎಲ್ಲಿ? ಅದು ಹೋಗುವ ದಾರಿ ಯಾವುದು? ತಲಪುವುದು ಯಾರನ್ನು? ಮೂರರಲ್ಲಿ ಒಂದು ಇಲ್ಲದಿದ್ದರೂ ಅಪಾಯ ಕಡಿಮೆ. ಮೂರೂ ಇದ್ದರೆ ತಡಮಾಡುವಂತಿಲ್ಲ.

ಮೂರನೆಯದು ಮಾದರಿ ತೆಗೆಯುವುದು. ಇಲ್ಲಿ ಏನನ್ನು ಹುಡುಕುತ್ತಿದ್ದೇವೆ ಎಂಬುದು ಮೊದಲೇ ತಿಳಿದಿರಬೇಕು. ಎಂಡೋಸಲ್ಫಾನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮಣ್ಣಿನ ಕಣಕ್ಕೆ, ಕೆಸರಿಗೆ, ಪ್ರಾಣಿಗಳ ಕೊಬ್ಬಿಗೆ ಅಂಟುತ್ತದೆ. ಮಣ್ಣಿನಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಟ್ಟು ಮೂಲ ರಾಸಾಯನಿಕಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ಬಾವಿನೀರನ್ನು ಒಂದು ಸಲ ಬಾಟಲಿಯಲ್ಲಿ ತುಂಬಿ ಕಳಿಸಿ, ಏನೂ ಇಲ್ಲ ಎಂದು ವರದಿ ಬಂತು ಎಂದು ಕಡತ ಮುಚ್ಚುವುದು ಪರೀಕ್ಷೆಯಲ್ಲ. ತೋಡಿನ ಕೆಸರು, ಗೋದಾಮಿನ ನೆಲದ ಕೆಳಗಿನ ಮಣ್ಣು, ಬೇರೆಬೇರೆ ಆಳದ ಪದರಗಳು, ಮಳೆಗಾಲದ ಮೊದಲ ನೀರು ಮತ್ತು ಬೇಸಗೆಯ ಕೊನೆಯ ನೀರು ಎಲ್ಲವೂ ಬೇಕು. ಗುಡ್ಡೆಯ ಇನ್ನೊಂದು ಬದಿಯಿಂದ, ಏನೂ ನಡೆಯದ ಜಾಗದಿಂದ ತಂದ ಮಣ್ಣನ್ನೂ ಹೋಲಿಕೆಗೆ ಇಡಬೇಕು.

ಕೃಷಿಕರ ಕೈಯಲ್ಲಿ ಮಣ್ಣು ಆರೋಗ್ಯ ಚೀಟಿ ಇದೆ. 2015ರಲ್ಲಿ ಬಂದ ಆ ಯೋಜನೆ 12 ಅಂಶಗಳನ್ನು ನೋಡುತ್ತದೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಮತ್ತೆ ಕೆಲವು ಲಘು ಪೋಷಕಾಂಶಗಳು. ಗಿಡಕ್ಕೆ ಏನು ಕಡಿಮೆ ಎಂದು ಅದು ಹೇಳುತ್ತದೆ. ಕೀಟನಾಶಕದ ಉಳಿಕೆಯನ್ನಾಗಲೀ ಸೀಸ, ಪಾದರಸವನ್ನಾಗಲೀ ಅದು ನೋಡುವುದೇ ಇಲ್ಲ. ಚೀಟಿ ಚೆನ್ನಾಗಿದೆ ಎಂದರೆ ನೆಲ ಶುದ್ಧವಾಗಿದೆ ಎಂದು ಅರ್ಥವಲ್ಲ. ಅಡಿಕೆ ತೋಟದವರು ಒಂದು ಮಾತು ಗಮನಿಸಬೇಕು. ಕೊಳೆರೋಗಕ್ಕೆ ನಾವು ತಲೆಮಾರುಗಳಿಂದ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಬಿಡುತ್ತಿದ್ದೇವೆ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ಮಣ್ಣಿನ ಮೇಲ್ಪದರದಲ್ಲಿ ಕೂಡುತ್ತಾ ಹೋಗುತ್ತದೆ. ಚೀಟಿಯಲ್ಲಿ ತಾಮ್ರ ಎಷ್ಟಿದೆ ಎಂದು ನೋಡಿ, ಕೊರತೆಯ ಕಣ್ಣಿನಿಂದ ಮಾತ್ರವಲ್ಲ, ಹೆಚ್ಚಳದ ಕಣ್ಣಿನಿಂದಲೂ ನೋಡಿ.

ತಜ್ಞರಿಗಾಗಿ ದೂರ ಹೋಗಬೇಕಾಗಿಲ್ಲ. ವಿಟ್ಲದಲ್ಲಿ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ. ಉಜಿರೆ, ಮೂಡುಬಿದಿರೆಗಳು ಕಾಲೇಜುಗಳ ಊರುಗಳು. ಈ ವಿದ್ಯೆಯನ್ನು ಪಕ್ಕದ ಗುಡ್ಡೆಗೆ ಕರೆತರುವ ಕೆಲಸ ನಮ್ಮದು.

ಕಾನೂನು ಬಂದಿದೆ, ಬಾಗಿಲು ತಟ್ಟಬೇಕು

2025ರ ಜುಲೈ 24ರಂದು ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಜಾಗಗಳ ನಿರ್ವಹಣೆಗಾಗಿ ನಿಯಮಗಳನ್ನು ಅಧಿಸೂಚಿಸಿದೆ. ಇದಕ್ಕೆಂದೇ ನಮ್ಮ ದೇಶದಲ್ಲಿ ಬಂದ ಮೊದಲ ನಿಯಮಾವಳಿ ಇದು. ಸಂಶಯವಿರುವ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಸಲ್ಲಿಸಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅಥವಾ ಗೊತ್ತುಪಡಿಸಿದ ತಜ್ಞ ಸಂಸ್ಥೆ 90 ದಿನಗಳೊಳಗೆ ಪ್ರಾಥಮಿಕ ತಪಾಸಣೆ ಮಾಡಬೇಕು, ಮತ್ತೆ ಮೂರು ತಿಂಗಳೊಳಗೆ ವಿವರವಾದ ಸಮೀಕ್ಷೆ ಮುಗಿಸಬೇಕು. ಕೆಡಿಸಿದವರು ಯಾರೆಂದು ಗುರುತಿಸಿ ಅವರಿಂದಲೇ ಶುದ್ಧೀಕರಣದ ಖರ್ಚು ವಸೂಲು ಮಾಡಬೇಕು. ಅವರು ಸಿಗದಿದ್ದರೆ, ಕೊಡಲಾರದಿದ್ದರೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ವ್ಯವಸ್ಥೆ ಮಾಡಬೇಕು.

ಆರು ತಿಂಗಳಿಗೊಮ್ಮೆ ಹೋಗುವ ಆ ಪಟ್ಟಿಯಲ್ಲಿ ನಮ್ಮ ಊರಿನ ಜಾಗದ ಹೆಸರು ಸೇರಬೇಕಾದರೆ ಜಿಲ್ಲಾಧಿಕಾರಿಗೆ ಅದು ತಿಳಿಯಬೇಕು. ತಿಳಿಸಬೇಕಾದವರು ನಾವು. ನಿಯಮ ಬರುವ ಹೊತ್ತಿಗೆ ದೇಶದಲ್ಲಿ 103 ಜಾಗಗಳನ್ನು ಕಲುಷಿತವೆಂದು ಗುರುತಿಸಲಾಗಿದ್ದು, ಶುದ್ಧೀಕರಣ ಶುರುವಾಗಿದ್ದದ್ದು ಬರೀ 7 ಕಡೆ. ಇಷ್ಟು ದೊಡ್ಡ ದೇಶದಲ್ಲಿ 103 ಮಾತ್ರ ಎಂದರೆ ಹೆಚ್ಚಿನವನ್ನು ಯಾರೂ ಹೇಳಿಲ್ಲ ಎಂದೇ ನಾನು ಓದುತ್ತೇನೆ.

ನಿಯಮದಲ್ಲಿ ಲೋಪಗಳಿವೆ. ಶುದ್ಧೀಕರಣ ಯಾವ ದಿನದೊಳಗೆ ಮುಗಿಯಬೇಕು ಎಂಬ ಗಡುವಿಲ್ಲ. ಗಣಿಗಾರಿಕೆಯಿಂದ ಕೆಟ್ಟ ಜಾಗ, ಊರಿನ ಘನತ್ಯಾಜ್ಯದ ರಾಶಿ ಇದರ ವ್ಯಾಪ್ತಿಗೆ ಬರುವುದಿಲ್ಲ, ಅವುಗಳಿಗೆ ಬೇರೆ ಕಾನೂನುಗಳಿವೆ ಎಂಬುದು ಕಾರಣ. ಬೇರೆ ಕಾನೂನು ಇದ್ದೂ 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಬೆಟ್ಟ ಜಾರಿ ಮಂದಾರ ಎಂಬಲ್ಲಿನ ಮನೆ, ತೋಟಗಳನ್ನು ಮುಚ್ಚಿದ್ದನ್ನು ನಾವು ಕಂಡಿದ್ದೇವೆ. ಆದ್ದರಿಂದ ಕೋರೆ, ಕಸದ ಹೊಂಡ, ಮುಚ್ಚಿದ ಕಾರ್ಖಾನೆ ಮೂರನ್ನೂ ಒಂದೇ ಪಟ್ಟಿಯಲ್ಲಿ ಬರೆಯುವ ಅಧಿಕಾರ ಗ್ರಾಮಕ್ಕೆ ಇರಬೇಕು ಎಂದು ಒತ್ತಾಯಿಸೋಣ. ಮಣ್ಣಿಗೆ ಇಲಾಖೆಗಳ ಗಡಿ ಗೊತ್ತಿಲ್ಲ.

ಇಂಥ ಕಾನೂನು ಬೇರೆಡೆ ಹೇಗೆ ಬಂತು ಎಂದೂ ನೋಡೋಣ. ಅಮೆರಿಕದಲ್ಲಿ 1978ರಲ್ಲಿ ಲವ್ ಕೆನಾಲ್ ಎಂಬ ಬಡಾವಣೆ ಸುದ್ದಿಯಾಯಿತು. ರಾಸಾಯನಿಕ ಕಂಪನಿ ತ್ಯಾಜ್ಯ ಹೂತ ಜಾಗದ ಮೇಲೆ ಶಾಲೆ ಕಟ್ಟಿದ್ದರು, ಸುತ್ತ ಮನೆಗಳೆದ್ದಿದ್ದವು. ಮಕ್ಕಳ ಕಾಯಿಲೆಗಳನ್ನು ಬೀದಿಬೀದಿಯಲ್ಲಿ ಪಟ್ಟಿ ಮಾಡಿದವರು ಅಲ್ಲಿನ ತಾಯಂದಿರು. 1980ರಲ್ಲಿ ಇಂಥ ಜಾಗಗಳ ಶುದ್ಧೀಕರಣಕ್ಕಾಗಿ ಆ ದೇಶ ಸೂಪರ್‌ಫಂಡ್ ಕಾನೂನು ತಂದಿತು. ಆದರೆ ಆ ಕಾನೂನಿನ ಕಠಿಣ ಹೊಣೆಗಾರಿಕೆಗೆ ಹೆದರಿ ಹಳೆಯ ಕಾರ್ಖಾನೆಗಳ ನೆಲವನ್ನು ಯಾರೂ ಮುಟ್ಟದಂತಾಯಿತು. ಸಣ್ಣ ಊರುಗಳಲ್ಲಿ ಪರೀಕ್ಷೆಗೆ ಹಣವಿರಲಿಲ್ಲ. ಆಗ 2002ರಲ್ಲಿ ಇನ್ನೊಂದು ಕಾನೂನು ತಂದು ಮೊದಲ ತಪಾಸಣೆಯ ಖರ್ಚಿಗೆ ಸ್ಥಳೀಯ ಸಂಸ್ಥೆಗಳಿಗೇ ಅನುದಾನ ಕೊಟ್ಟರು. ಮೊದಲ ಪರೀಕ್ಷೆಯ ದುಡ್ಡು ಸಾರ್ವಜನಿಕ ಹಣದಿಂದ ಬರಬೇಕು ಎಂಬ ಈ ನಿಲುವನ್ನು ನಾವು ಕಲಿಯಬೇಕು. ಬಡ ಪಂಚಾಯತ್ ತನ್ನ ತೆರಿಗೆಯಿಂದ ಒಂದು ಕೀಟನಾಶಕ ಪರೀಕ್ಷೆ ಮಾಡಿಸಲಾರದು.

ನಮ್ಮ ದೇಶದ ಅನುಭವ ಕಹಿಯಾದುದು. ಕೊಡೈಕನಾಲ್‌ನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಅಲ್ಲಿನ ಮಣ್ಣಿನಲ್ಲಿ ಎಷ್ಟು ಪಾದರಸ ಉಳಿಯಬಹುದು ಎಂಬ ವಾದವೇ ವರ್ಷಗಟ್ಟಲೆ ನಡೆಯಿತು. ಅನಿಲ ದುರಂತ ನಡೆದ ಭೋಪಾಲದ ಕಾರ್ಖಾನೆಯಲ್ಲಿ 1984ರಿಂದ ಉಳಿದಿದ್ದ 337 ಟನ್ ತ್ಯಾಜ್ಯ ವಿಲೇವಾರಿಗಾಗಿ ಪೀಥಂಪುರಕ್ಕೆ ಹೊರಟದ್ದು 2025ರ ಜನವರಿಯಲ್ಲಿ. ನಲವತ್ತು ವರ್ಷ ಬೇಕಾಯಿತು. ನೆಲದೊಳಗೆ, ಅಂತರ್ಜಲದೊಳಗೆ ಇಳಿದದ್ದು ಆ ತ್ಯಾಜ್ಯ ಒಯ್ದ ಲಾರಿಗಳಲ್ಲಿ ಹೋಗಲಿಲ್ಲ.

ಮತ್ತೆ ಬಳಸುವುದು

ಕೆಟ್ಟ ನೆಲವನ್ನು ಬೇಲಿ ಹಾಕಿ ಶಾಶ್ವತವಾಗಿ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಜಾಗ ಕಡಿಮೆ, ಜನ ಹೆಚ್ಚು. ಬಳಸದೆ ಬಿಟ್ಟ ಕಾರ್ಖಾನೆಯ ಅಂಗಳ ಕಸ ಸುರಿಯುವ ತಾಣವಾಗುತ್ತದೆ. ಅದೇ ಜಾಗವನ್ನು ಬಳಸಿದರೆ ಹೊಸದಾಗಿ ಒಂದು ಗದ್ದೆ, ಒಂದು ಗುಡ್ಡೆ ಉಳಿಯುತ್ತದೆ.

ಯಾವ ನೆಲ ಯಾವ ಬಳಕೆಗೆ ಎಂಬ ವಿವೇಕ ಮುಖ್ಯ. ಅಂಗನವಾಡಿ, ಶಾಲೆ, ಮನೆ, ತರಕಾರಿ ತೋಟ: ಇವಕ್ಕೆ ಅತ್ಯಂತ ಶುದ್ಧವಾದ ನೆಲ ಬೇಕು, ಮಕ್ಕಳು ಮಣ್ಣಿನಲ್ಲಿ ಆಡುತ್ತಾರೆ, ಕೈ ಬಾಯಿಗೆ ಹಾಕುತ್ತಾರೆ. ಗೋದಾಮು, ಬಸ್ ಡಿಪೋ, ಸೌರಫಲಕಗಳಿಗೆ ಅಷ್ಟು ಬೇಡ, ಮೇಲೆ ಗಟ್ಟಿ ಹೊದಿಕೆ ಇದ್ದು ನೀರು ಇಳಿಯದಿದ್ದರೆ ಸಾಕಾಗಬಹುದು. ಮರದ ತೋಪು ಬೆಳೆಸಬಹುದು, ಆದರೆ ಅದರ ಸೊಪ್ಪನ್ನು ಹಟ್ಟಿಗೆ ಹಾಕಿ ಗೊಬ್ಬರ ಮಾಡಬಾರದು. ಎಣ್ಣೆ ಚೆಲ್ಲಿದ ಮಣ್ಣನ್ನು ಉತ್ತು ಗಾಳಿಯಾಡಿಸಿ, ಗೊಬ್ಬರ ಸೇರಿಸಿ ಸೂಕ್ಷ್ಮಜೀವಿಗಳಿಂದ ಶುದ್ಧ ಮಾಡಲು ಬರುತ್ತದೆ. ಸೀಸ ಹಾಗೆ ಕರಗುವುದಿಲ್ಲ, ಅದನ್ನು ಅಗೆದು ಸುರಕ್ಷಿತ ಜಾಗಕ್ಕೆ ಒಯ್ಯಬೇಕು ಅಥವಾ ಮುಚ್ಚಿ ಕಾಯಬೇಕು. ಒಯ್ಯುವಾಗ ಇನ್ನೊಂದು ಊರಿನ ಹೊಂಡಕ್ಕೆ ಸುರಿಯುವುದು ಶುದ್ಧೀಕರಣವಲ್ಲ. ನಮ್ಮ ಊರಿನ ವಿಷ ಇನ್ನೊಂದು ಊರಿನ ಬಡವರ ಬಾವಿಗೆ ಹೋಗುವುದನ್ನು ನಾವು ಒಪ್ಪಬಾರದು.

ಕೋರೆಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಹದಿನೆಂಟು ಬಸದಿಗಳ ಜೊತೆಗೆ ಹದಿನೆಂಟು ಕೆರೆಗಳ ಊರೆಂದು ಹೆಸರಾದ ಮೂಡುಬಿದಿರೆಗೆ ನೀರಿನ ಬೆಲೆ ಗೊತ್ತು. ಕಸ ಬೀಳದ ಹಳೆಯ ಕೋರೆಗೆ ಬೇಲಿ ಹಾಕಿ, ಮೆಟ್ಟಿಲು ಕಟ್ಟಿ, ಮಳೆನೀರು ನಿಲ್ಲಿಸಿದರೆ ಅದು ಹೊಸ ಮದಕವಾಗುತ್ತದೆ, ಮಕ್ಕಳು ಬಿದ್ದು ಸಾಯುವುದೂ ತಪ್ಪುತ್ತದೆ.

ಪಹಣಿಯಲ್ಲಿ ಇಲ್ಲದ ಕಲಂ

ನಮ್ಮ ಪಹಣಿಯನ್ನು ತೆಗೆದು ನೋಡಿ. 9ನೇ ಕಲಂನಲ್ಲಿ ಸ್ವಾಧೀನದಾರನ ಹೆಸರು ಇದೆ. 11ನೇ ಕಲಂನಲ್ಲಿ ಇತರ ಹಕ್ಕುಗಳು ಮತ್ತು ಋಣಗಳು. ಸೊಸೈಟಿಯಲ್ಲಿ ಮಾಡಿದ ಸಾಲ ಅಲ್ಲಿ ಬರುತ್ತದೆ, ಸಾಲ ತೀರದೆ ಜಾಗ ಮಾರಲು ಕಷ್ಟ. ಮಣ್ಣಿನ ಮೇಲಿನ ಬ್ಯಾಂಕಿನ ಸಾಲವನ್ನು ಇಷ್ಟು ಎಚ್ಚರದಿಂದ ಬರೆಯುವ ದಾಖಲೆಯಲ್ಲಿ, ಮಣ್ಣಿನೊಳಗೆ ಇಳಿದ ವಿಷದ ಬಗ್ಗೆ ಒಂದು ಸಾಲೂ ಇಲ್ಲ. ಇಲ್ಲಿಂದ ನನ್ನ ಬೇಡಿಕೆಗಳು ಹುಟ್ಟುತ್ತವೆ.

ಒಂದು, ಪ್ರತಿ ಗ್ರಾಮ ಪಂಚಾಯತಿನಲ್ಲಿ ನೆಲದ ಹಿನ್ನೆಲೆಯ ಪುಸ್ತಕವಿರಲಿ. ಜೀವವೈವಿಧ್ಯ ಕಾಯ್ದೆಯಡಿ ಊರಿನ ಗಿಡಮರಗಳ ಜನತಾ ದಾಖಲಾತಿ ಮಾಡುವ ಸಮಿತಿಗಳು ಈಗಾಗಲೇ ಇವೆ. ಅದೇ ಮಾದರಿಯಲ್ಲಿ ಮುಚ್ಚಿದ ಕಾರ್ಖಾನೆ, ಗೋದಾಮು, ಬಂಕು, ಕೋರೆ, ಕಸದ ಹೊಂಡಗಳನ್ನು ಸರ್ವೆ ನಂಬರ್ ಸಹಿತ ಬರೆಯಲಿ. ಅದು ಜಿಲ್ಲಾಡಳಿತದ ಆರು ತಿಂಗಳ ಪಟ್ಟಿಗೆ ಹೋಗಲಿ.

ಎರಡು, ಉದ್ಯಮದ ಜಾಗವನ್ನು ವಾಸಕ್ಕೆ ಪರಿವರ್ತಿಸುವ ಮೊದಲು ಮಣ್ಣು, ನೀರಿನ ಪರೀಕ್ಷೆಯ ವರದಿ ಕಡ್ಡಾಯವಾಗಲಿ. ಪಂಚಾಯತ್ ನೈನ್ ಇಲೆವೆನ್ ಎಂಬ ಆಸ್ತಿ ನಮೂನೆಗಳನ್ನು ಕೊಡುವಾಗ ಆ ವರದಿಯನ್ನು ನೋಡಲಿ. ಫಲಿತಾಂಶ ಪಹಣಿಯ 11ನೇ ಕಲಂನಲ್ಲಿ ಬರಲಿ. ಶುದ್ಧವಾದ ಮೇಲೆ ಸಾಲ ತೀರಿದಂತೆ ಅದನ್ನು ತೆಗೆಯಲಿ.

ಮೂರು, ಈಗ ನಡೆಯುತ್ತಿರುವ ಉದ್ಯಮಗಳ ಮಣ್ಣನ್ನು ಈಗಲೇ ಪರೀಕ್ಷಿಸಿ ಇಡಲಿ, ಹೊಸದಾಗಿ ಬರುವವರ ಜಾಗವನ್ನು ಅಡಿಗಲ್ಲು ಹಾಕುವ ಮೊದಲೇ ಪರೀಕ್ಷಿಸಲಿ. ಆರಂಭದ ಲೆಕ್ಕ ಕೈಯಲ್ಲಿದ್ದರೆ, ಹೊರಡುವಾಗ ಎಷ್ಟು ಕೆಟ್ಟಿದೆ ಎಂದು ವಾದಿಸಬೇಕಾಗಿಲ್ಲ. ಪ್ರಾಮಾಣಿಕ ಉದ್ಯಮಿಗೂ ಇದು ರಕ್ಷಣೆ.

ನಾಲ್ಕು, ಕೊಕ್ಕಡ, ನಿಡ್ಲೆ, ಪಟ್ರಮೆಗಳಿಂದ ಹಿಡಿದು ಎಂಡೋಸಲ್ಫಾನ್ ಸಿಂಪಡಿಸಿದ ಎಲ್ಲ ತೋಪುಗಳ ಗೋದಾಮು, ಕಲಸಿದ ಜಾಗ, ತುಂಬಿಸಿದ ಜಾಗಗಳನ್ನು ಹಳೆಯ ಕಾರ್ಮಿಕರ ಜೊತೆಗೆ ಹೋಗಿ ಗುರುತಿಸಿ, ಕೆಸರು ಮತ್ತು ಮಣ್ಣನ್ನು ಪರೀಕ್ಷಿಸಿ, ವರದಿಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಲಿ. ಅಲ್ಲಿ ಏನೂ ಉಳಿದಿಲ್ಲ ಎಂದು ಗೊತ್ತಾದರೆ ಅದಕ್ಕಿಂತ ಸಂತೋಷವಿಲ್ಲ. ತಿಳಿಯುವ ಹಕ್ಕು ಆ ಊರುಗಳಿಗೆ ಇದೆ. ಎಲ್ಲರಿಗಿಂತ ಹೆಚ್ಚು ಬೆಲೆ ತೆತ್ತವರು ಅವರು.

ಪರೀಕ್ಷೆ ಮಾಡಿಸಿದರೆ ಜಾಗದ ಬೆಲೆ ಬೀಳುತ್ತದೆ, ಊರಿನ ಹೆಸರು ಕೆಡುತ್ತದೆ, ಹೆಣ್ಣು ಕೊಡುವವರು ಹಿಂಜರಿಯುತ್ತಾರೆ ಎಂಬ ಆತಂಕ ನನಗೆ ತಿಳಿದಿದೆ. ಎಂಡೋಸಲ್ಫಾನ್ ಊರುಗಳು ಈ ನೋವನ್ನೂ ಉಂಡಿವೆ. ಅದಕ್ಕೇ ಈ ಪರೀಕ್ಷೆ ಒಂದೆರಡು ಊರುಗಳಿಗೆ ಹಚ್ಚುವ ಮಸಿಯಾಗದೆ ಎಲ್ಲ ಊರುಗಳಿಗೂ ಒಂದೇ ಪದ್ಧತಿಯಾಗಬೇಕು. ಮುಚ್ಚಿಟ್ಟ ನೆಲದ ಬೆಲೆ ಇವತ್ತಿಗೆ ಉಳಿಯಬಹುದು. ಆ ಬೆಲೆಯನ್ನು ಮುಂದೆ ಮಕ್ಕಳು ತೆರುತ್ತಾರೆ.

ಬಂಧುಗಳೇ, ಮುಂದಿನ ಗ್ರಾಮಸಭೆಗೆ ಹೋಗಿ. ರಸ್ತೆ, ದಾರಿದೀಪದ ಬೇಡಿಕೆಯ ಜೊತೆಗೆ ಇದನ್ನೂ ಕೇಳಿ: ನಮ್ಮ ಗ್ರಾಮದಲ್ಲಿ ಬಾಗಿಲು ಹಾಕಿದ ಉದ್ಯಮಗಳು ಎಷ್ಟು, ಅವು ಬಿಟ್ಟುಹೋದದ್ದು ಏನು, ಅದನ್ನು ಪರೀಕ್ಷಿಸಿದವರು ಯಾರು? ಉತ್ತರವಿಲ್ಲ ಎಂದಾದರೆ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗೆ ಕಳಿಸಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಪಂಚಾಯತ್‌ಗಳು ಈ ಕೆಲಸವನ್ನು ರಾಜ್ಯದಲ್ಲಿ ಮೊದಲಿಗರಾಗಿ ಶುರುಮಾಡಲಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.